ಗುಳಿಗೆ ನುಂಗದವರ ಸಾಕ್ಷಿ

ಮನೆಯಲ್ಲಿ ಯಾರಿಗಾದರೂ ಸುಲಭಕ್ಕೆ ವಾಸಿಯಾಗದ ಕಾಯಿಲೆ ಬಂತೆಂದರೆ ಫೋನಿಗೆ ಸಲಹೆಗಳು ಬರತೊಡಗುತ್ತವೆ. ‘ನಮ್ಮ ಭಾವನಿಗೂ ಹೀಗೇ ಆಗಿತ್ತು. ಈ ಮಾತ್ರೆ ಮೂರು ತಿಂಗಳು ತಗೊಂಡ್ರು, ಈಗ ಓಡಾಡ್ಕೊಂಡಿದ್ದಾರೆ’ ಎಂದು ಒಬ್ಬರು ಬರೆಯುತ್ತಾರೆ. ಅದರ ಕೆಳಗೇ ಇನ್ನೊಬ್ಬರು, ‘ಹೌದು, ನಮ್ಮತ್ತೆಗೂ ಗುಣ ಕಂಡಿತು’ ಎನ್ನುತ್ತಾರೆ. ಹೀಗೆ ಹತ್ತಾರು ಮಂದಿ. ಅವರು ಒಬ್ಬರಿಗೊಬ್ಬರು ಗುರುತಿನವರಲ್ಲ, ಮದ್ದು ಮಾರುವವರೂ ಅಲ್ಲ. ಸುಳ್ಳು ಹೇಳಿ ಅವರಿಗೆ ಆಗಬೇಕಾದದ್ದೇನೂ ಇಲ್ಲ. ಅದನ್ನೆಲ್ಲ ಡಾಕ್ಟರ ಮುಂದಿಟ್ಟರೆ ಅವರು ತಲೆಯಾಡಿಸಿ, ‘ಇದಕ್ಕೆ ಪುರಾವೆ ಇಲ್ಲ’ ಎಂದುಬಿಡುತ್ತಾರೆ. ನಮಗೆ ಸಿಟ್ಟು ಬರುತ್ತದೆ. ಇಷ್ಟು ಜನ ಹೇಳುತ್ತಿರುವುದು ಪುರಾವೆಯಲ್ಲದಿದ್ದರೆ ಮತ್ಯಾವುದು?

ಇದು ನ್ಯಾಯವಾದ ಪ್ರಶ್ನೆ. ಡಾಕ್ಟರಿಗೆ ಸಮಯವಿಲ್ಲವೆಂದು ಅಥವಾ ರೋಗಿಗೆ ವಿಜ್ಞಾನ ತಿಳಿಯದೆಂದು ಅದನ್ನು ಬದಿಗೆ ಸರಿಸುವುದು ತಪ್ಪು. ಸರಿಯಾದ ಉತ್ತರವೊಂದು ಸಿಕ್ಕಿದ್ದು ಸೋಷಿಯಲ್ ಮೀಡಿಯಾದಲ್ಲೇ. ಅದಕ್ಕೆ ಬೇಕಾದ ಮಾಹಿತಿ ಕೂಡಿಸಿದವರು ರೋಗಿಗಳೇ.

ಹದಿನಾರು ಮಂದಿ ಬದುಕಿದ್ದರು

ಎ.ಎಲ್.ಎಸ್. ಎಂಬ ಕಾಯಿಲೆಯ ಹೆಸರು ನಮ್ಮಲ್ಲಿ ಹಲವರು ಕೇಳಿದ್ದು ಸ್ಟೀಫನ್ ಹಾಕಿಂಗ್ ಅವರಿಂದ, ಇಲ್ಲವೇ 2014ರಲ್ಲಿ ಜನ ತಲೆಯ ಮೇಲೆ ಐಸ್ ನೀರು ಸುರಿದುಕೊಳ್ಳುತ್ತಿದ್ದ ವಿಡಿಯೋಗಳಿಂದ. ಸ್ನಾಯುಗಳಿಗೆ ಅಪ್ಪಣೆ ಕೊಡುವ ನರಕೋಶಗಳು ಮಿದುಳಿನಲ್ಲೂ ಬೆನ್ನುಹುರಿಯಲ್ಲೂ ಒಂದೊಂದಾಗಿ ಸಾಯುತ್ತ ಹೋಗುತ್ತವೆ. ಮೊದಲು ಅಂಗಿಯ ಗುಂಡಿ ಹಾಕುವುದು ಕಷ್ಟವಾಗುತ್ತದೆ, ಇಲ್ಲವೇ ನಡೆಯುವಾಗ ಕಾಲು ಎಡವುತ್ತದೆ. ಆಮೇಲೆ ಮಾತು, ನುಂಗುವುದು, ಕಡೆಗೆ ಉಸಿರಾಟ. ಕಣ್ಣು, ಕಿವಿ, ಬಹುಪಾಲು ಜನರಲ್ಲಿ ಬುದ್ಧಿ ಕೂಡ ನೆಟ್ಟಗೇ ಇರುತ್ತವೆ. 1995ರಲ್ಲಿ ರಿಲುಜೋಲ್ ಎಂಬ ಮಾತ್ರೆ ಬಂತು. ಅದು ಆಯುಷ್ಯಕ್ಕೆ ಕೆಲವು ತಿಂಗಳು ಸೇರಿಸುತ್ತದೆ, ಅಷ್ಟೆ.

2008ರ ಫೆಬ್ರವರಿಯಲ್ಲಿ ಇಟಲಿಯ ಸಂಶೋಧಕರ ಒಂದು ಪ್ರಬಂಧ ಅಮೆರಿಕದ ಪ್ರತಿಷ್ಠಿತ ವಿಜ್ಞಾನ ಪತ್ರಿಕೆಯೊಂದರಲ್ಲಿ ಬಂತು. ಅವರು 44 ರೋಗಿಗಳನ್ನು ಆಯ್ದು, 28 ಮಂದಿಗೆ ರಿಲುಜೋಲ್ ಮಾತ್ರ ಕೊಟ್ಟಿದ್ದರು. ಉಳಿದ 16 ಮಂದಿಗೆ ಅದರ ಜೊತೆಗೆ ಲಿಥಿಯಂ ಗುಳಿಗೆಯನ್ನೂ ಕೊಟ್ಟಿದ್ದರು. ಹದಿನೈದು ತಿಂಗಳಲ್ಲಿ ಮೊದಲ ಗುಂಪಿನಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಒಬ್ಬರು ತೀರಿಕೊಂಡರು. ಲಿಥಿಯಂ ಗುಂಪಿನಲ್ಲಿ ಒಬ್ಬರೂ ಸಾಯಲಿಲ್ಲ.

ಲಿಥಿಯಂ ಹೊಸ ಮದ್ದಲ್ಲ. ಮನಸ್ಸಿನ ವಿಪರೀತ ಏರಿಳಿತಕ್ಕೆ 1949ರಿಂದಲೂ ಬಳಕೆಯಲ್ಲಿದೆ. ಬೆಲೆ ಕಡಿಮೆ, ಅಂಗಡಿಯಲ್ಲಿ ಸಿಗುತ್ತದೆ, ಬರೆದುಕೊಡಲು ಡಾಕ್ಟರೊಬ್ಬರು ಒಪ್ಪಿದರೆ ಸಾಕು. ಸಾವಿನ ದಿನ ಎಣಿಸುತ್ತಿರುವ ಮನುಷ್ಯನಿಗೆ ಈ ಸುದ್ದಿ ತಲುಪಿದಾಗ ಏನಾಗಬಹುದು ಎಂದು ಊಹಿಸಿಕೊಳ್ಳಿ. ದೊಡ್ಡ ಪರೀಕ್ಷೆ ನಡೆದು ಫಲಿತಾಂಶ ಬರಲು ವರ್ಷಗಳು ಬೇಕು, ಅಷ್ಟು ವರ್ಷ ಅವನ ಬಳಿ ಇಲ್ಲ. ಜಗತ್ತಿನ ಬೇರೆ ಬೇರೆ ಮೂಲೆಗಳ ರೋಗಿಗಳು ತಾವೇ ಲಿಥಿಯಂ ಶುರುಮಾಡಿಕೊಂಡರು. ಅವರಲ್ಲಿ ಕೆಲವರು ಅಂತರ್ಜಾಲದಲ್ಲಿ ಎಲ್ಲರೂ ತುಂಬಬಹುದಾದ ಒಂದು ಕೋಷ್ಟಕ ತೆರೆದು, ಯಾರು ಎಷ್ಟು ತೆಗೆದುಕೊಂಡರು, ಏನಾಯಿತು ಎಂದು ಬರೆಯತೊಡಗಿದರು.

ಹನ್ನೆರಡು ಪ್ರಶ್ನೆ, ನಲವತ್ತೆಂಟು ಅಂಕ

ಬರೀ ಕೋಷ್ಟಕದಿಂದ ಕೆಲಸವಾಗುತ್ತಿರಲಿಲ್ಲ. ಅದೃಷ್ಟಕ್ಕೆ ಇನ್ನೊಂದು ಸಿದ್ಧತೆ ಅಷ್ಟರಲ್ಲೇ ನಡೆದಿತ್ತು. ಅಮೆರಿಕದಲ್ಲಿ ಮನೆ ಕಟ್ಟುವ ಕೆಲಸ ಮಾಡುತ್ತಿದ್ದ ಸ್ಟೀಫನ್ ಹೇವುಡ್‌ಗೆ 1998ರಲ್ಲಿ, 29ನೆಯ ವಯಸ್ಸಿಗೆ ಎ.ಎಲ್.ಎಸ್. ಎಂದು ತಿಳಿಯಿತು. ಅವರ ಸಹೋದರರಾದ ಜೇಮ್ಸ್ ಮತ್ತು ಬೆನ್ ಗೆಳೆಯ ಜೆಫ್ ಕೋಲ್ ಜೊತೆ ಸೇರಿ 2004ರಲ್ಲಿ ‘ಪೇಶಂಟ್ಸ್‌ಲೈಕ್‌ಮಿ’ ಎಂಬ ತಾಣ ಹುಟ್ಟುಹಾಕಿದರು. ತನ್ನಂಥದೇ ಸ್ಥಿತಿಯಲ್ಲಿರುವ ಇನ್ನೊಬ್ಬನನ್ನು ರೋಗಿ ಹುಡುಕಿಕೊಳ್ಳಲಿ ಎಂಬುದು ಉದ್ದೇಶ. ಸ್ಟೀಫನ್ 2006ರಲ್ಲಿ ತೀರಿಕೊಂಡರು. ತಾಣ ಬೆಳೆಯಿತು.

ಉಳಿದ ಹರಟೆಕಟ್ಟೆಗಳಿಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸವಿತ್ತು. ಇಲ್ಲಿ ‘ಪರವಾಗಿಲ್ಲ’, ‘ಸ್ವಲ್ಪ ಸುಸ್ತು’ ಎಂದು ಬರೆದರೆ ಸಾಲದು. ನರರೋಗ ತಜ್ಞರು ಬಳಸುವ ಹನ್ನೆರಡು ಪ್ರಶ್ನೆಗಳಿಗೇ ರೋಗಿ ಉತ್ತರ ಕೊಡಬೇಕು. ಮಾತು ಸ್ಪಷ್ಟವೇ? ಬಾಯಲ್ಲಿ ಜೊಲ್ಲು ನಿಲ್ಲುತ್ತದೆಯೇ? ಕೈಬರಹ ಓದಲು ಬರುತ್ತದೆಯೇ? ಹಾಸಿಗೆಯಲ್ಲಿ ತಾನಾಗಿ ಮಗ್ಗುಲು ಬದಲಿಸಿ ಹೊದಿಕೆ ಸರಿಮಾಡಿಕೊಳ್ಳಬಲ್ಲರೇ? ಮೆಟ್ಟಿಲು ಹತ್ತಲು ಕೈಹಿಡಿ ಬೇಕೇ? ಮಲಗಿದಾಗ ಉಸಿರು ಕಟ್ಟುತ್ತದೆಯೇ? ಪ್ರತಿಯೊಂದಕ್ಕೂ ಸೊನ್ನೆಯಿಂದ ನಾಲ್ಕರವರೆಗೆ ಅಂಕ. ಆರೋಗ್ಯವಂತನಿಗೆ 48. ಕಾಯಿಲೆ ಮುಂದುವರಿದಂತೆ ಅಂಕ ಇಳಿಯುತ್ತದೆ. ತಿಂಗಳು ತಿಂಗಳೂ ತುಂಬಿದರೆ ಇಳಿಜಾರಿನ ಗೆರೆಯೊಂದು ಮೂಡುತ್ತದೆ.

ಈ ಗೆರೆ ನನಗೆ ಬಹಳ ಮುಖ್ಯವೆನಿಸುತ್ತದೆ. ಬೆರಳು ಆಡದವರು, ಮನೆಯವರ ಕೈಯಲ್ಲಿ ಟೈಪು ಮಾಡಿಸಿ, ತಮ್ಮ ಶಕ್ತಿ ಕುಂದುವುದನ್ನು ತಾವೇ ದಾಖಲಿಸುತ್ತ ಹೋದರು. ಇಷ್ಟು ರೋಗಿಗಳನ್ನು ಇಷ್ಟು ಸಲ ಕರೆಸಿ ಅಳೆಯುವುದು ಒಂದು ಆಸ್ಪತ್ರೆಗೆ ಸುಲಭವಲ್ಲ.

ಮಾತು ನಿಲ್ಲಿಸಿದವರು

ಈಗ ಆರಂಭದ ಪ್ರಶ್ನೆಗೆ ಬರೋಣ. ಲಿಥಿಯಂ ತೆಗೆದುಕೊಂಡ ಹಲವರು ‘ನನಗೆ ಗುಣವಾಗುತ್ತಿದೆ’ ಎಂದು ಪ್ರಾಮಾಣಿಕವಾಗಿ ಬರೆದರೂ ಅದು ಏಕೆ ಸಾಲದು?

ಈ ಕಾಯಿಲೆಗೆ ಒಂದೇ ವೇಗ ಇಲ್ಲ ಎಂಬುದು ಮೊದಲ ತೊಡಕು. ಗುರುತು ಹತ್ತಿದ ಎರಡು ಮೂರು ವರ್ಷಗಳಲ್ಲೇ ತೀರಿಕೊಳ್ಳುವವರು ಬಹಳ. ಹಾಕಿಂಗ್ ಅವರಿಗೆ 1963ರಲ್ಲಿ ಕಾಯಿಲೆ ಪತ್ತೆಯಾಯಿತು, ಅವರು ಬದುಕಿದ್ದು 2018ರವರೆಗೆ. ಅವರು 1963ರಲ್ಲಿ ಯಾವುದೋ ಕಷಾಯ ಶುರುಮಾಡಿದ್ದರೆ, ಆ ಕಷಾಯ ಜಗತ್ಪ್ರಸಿದ್ಧವಾಗಿಬಿಡುತ್ತಿತ್ತು. ಒಬ್ಬರಲ್ಲೇ ಕೂಡ ಇಳಿತ ಒಂದೇ ಸಮ ಇರುವುದಿಲ್ಲ. ಕೆಲವು ತಿಂಗಳು ನಿಂತಂತೆ ಕಂಡು ಮತ್ತೆ ಜಾರುತ್ತದೆ. ಆ ನಿಂತ ತಿಂಗಳುಗಳಲ್ಲಿ ಯಾವ ಮದ್ದು ಕೈಯಲ್ಲಿತ್ತೋ ಕೀರ್ತಿಯೂ ಅದಕ್ಕೇ ಹೋಗುತ್ತದೆ.

ಎರಡನೆಯದು ಇನ್ನೂ ಸೂಕ್ಷ್ಮ, ಹೇಳಲು ನೋವೂ ಆಗುತ್ತದೆ. ಮದ್ದು ಹಿಡಿಸಿದೆ ಎನಿಸಿದವನು ಮತ್ತೆ ಮತ್ತೆ ಬರೆಯುತ್ತಾನೆ. ಹಿಡಿಸದವನು ಗುಳಿಗೆ ಬಿಡುತ್ತಾನೆ, ಬರೆಯುವುದನ್ನೂ ಬಿಡುತ್ತಾನೆ. ತೀರಿಕೊಂಡವರಂತೂ ಬರೆಯುವುದಿಲ್ಲ. ನಾವು ಆರು ತಿಂಗಳ ನಂತರ ಗುಂಪು ತೆರೆದು ನೋಡಿದಾಗ ಅಲ್ಲಿ ಮಾತಾಡುತ್ತಿರುವವರೆಲ್ಲ ಉಳಿದುಕೊಂಡವರು. ಹತ್ತಕ್ಕೆ ಹತ್ತು ಮಂದಿಯೂ ‘ಗುಣವಾಯಿತು’ ಎನ್ನುತ್ತಾರೆ, ಯಾರೂ ಸುಳ್ಳು ಹೇಳಿರುವುದಿಲ್ಲ. ಆದರೂ ಒಟ್ಟು ಚಿತ್ರ ಸುಳ್ಳಾಗಿರಬಹುದು. ಇಂಥ ಸಾಕ್ಷಿಗಳನ್ನು ಹತ್ತರಿಂದ ಹತ್ತು ಸಾವಿರಕ್ಕೆ ಏರಿಸಿದರೂ ತಪ್ಪು ಹೋಗುವುದಿಲ್ಲ. ಎಲ್ಲವೂ ಒಂದೇ ಕಡೆಗೆ ವಾಲಿರುತ್ತವೆ.

ಇಟಲಿಯ ಪರೀಕ್ಷೆಗೂ ಇದೇ ಅನುಮಾನ ಅಂಟಿಕೊಂಡಿತ್ತು. ಹದಿನಾರೇ ಜನ. ಅವರು ಮೊದಲೇ ನಿಧಾನಗತಿಯವರಾಗಿದ್ದರೆ?

ಯಾವ ಹೊಲದ ಜೊತೆ ಹೋಲಿಸಬೇಕು?

ಒಬ್ಬ ರೈತ ರಾಗಿ ಹೊಲಕ್ಕೆ ಹೊಸ ಗೊಬ್ಬರ ಹಾಕಿದ, ಪೈರು ಸೊಗಸಾಗಿ ಬಂತು ಅನ್ನಿ. ಗೊಬ್ಬರದಿಂದಲೇ ಬಂತೆಂದು ಹೇಳುವುದು ಹೇಗೆ? ಪಕ್ಕದ ಹೊಲ ನೋಡಬೇಕು ನಿಜ. ಆದರೆ ಪಕ್ಕದ್ದು ತಗ್ಗಿನಲ್ಲಿದ್ದು ನೀರು ನಿಲ್ಲುವಂಥದಾದರೆ? ಹದಿನೈದು ದಿನ ತಡವಾಗಿ ಬಿತ್ತಿದ್ದರೆ? ಅನುಭವಸ್ಥ ಬೇಸಾಯಗಾರ ಇಡೀ ಸೀಮೆಯಲ್ಲಿ ಹುಡುಕಿ, ಅಂಥದೇ ಮಣ್ಣು, ಅದೇ ವಾರದ ಬಿತ್ತನೆ, ಅಷ್ಟೇ ಮಳೆ ಕಂಡ ಹೊಲವನ್ನು ಆರಿಸುತ್ತಾನೆ. ಅದಕ್ಕಿಂತ ಮುಖ್ಯವಾಗಿ, ತಾನು ಗೊಬ್ಬರ ಹಾಕಿದ ದಿನ ತನ್ನ ಪೈರು ಎಷ್ಟೆತ್ತರ ಇತ್ತೋ ಅಷ್ಟೇ ಎತ್ತರ, ಅಲ್ಲಿಯವರೆಗೆ ಅದೇ ವೇಗದಲ್ಲಿ ಬೆಳೆದು ಬಂದಿದ್ದ ಪೈರು ಬೇಕು. ಆ ದಿನದ ನಂತರ ಎರಡರ ದಾರಿ ಬೇರೆಯಾದರೆ ಆಗ ಗೊಬ್ಬರದ ಮಾತು ಆಡಬಹುದು.

ಪೇಶಂಟ್ಸ್‌ಲೈಕ್‌ಮಿ ತಂಡದ ಪಾಲ್ ವಿಕ್ಸ್, ಟಿಮತಿ ವಾನ್, ಮೈಕೆಲ್ ಮಸಾಗ್ಲಿ ಮತ್ತು ಜೇಮ್ಸ್ ಹೇವುಡ್ ಮಾಡಿದ್ದು ಇದನ್ನೇ. ಲಿಥಿಯಂ ತೆಗೆದುಕೊಂಡು ಅಂಕ ದಾಖಲಿಸಿದ್ದ 149 ಮಂದಿಯನ್ನು ಗುರುತಿಸಿದರು. ಪ್ರತಿಯೊಬ್ಬರೂ ಗುಳಿಗೆ ಶುರುಮಾಡಿದ ದಿನಕ್ಕೆ ಮೊದಲು ಅವರ ಅಂಕ ಹೇಗೆ ಇಳಿದು ಬಂದಿತ್ತು ಎಂದು ನೋಡಿದರು. ಹೆಚ್ಚುಕಡಿಮೆ ಅದೇ ದಾರಿಯಲ್ಲಿ ಇಳಿದು ಬಂದಿದ್ದು, ಲಿಥಿಯಂ ಮುಟ್ಟದವರನ್ನು ತಾಣದ ಸಾವಿರಾರು ಸದಸ್ಯರ ನಡುವೆ ಕಂಪ್ಯೂಟರಿನಿಂದ ಹುಡುಕಿಸಿದರು. ಹೀಗೆ 447 ಮಂದಿಯ ಹೋಲಿಕೆ ಗುಂಪು ಸಿದ್ಧವಾಯಿತು. ಅಂದರೆ ಗುಳಿಗೆ ನುಂಗಿದ ಒಬ್ಬೊಬ್ಬರಿಗೂ ಸರಾಸರಿ ಮೂವರು ಜೋಡಿ.

ಹನ್ನೆರಡು ತಿಂಗಳ ನಂತರ ಎರಡೂ ಗುಂಪಿನ ಗೆರೆಗಳನ್ನು ಒಟ್ಟಿಗೆ ಇಟ್ಟರು. ಲಿಥಿಯಂ ತೆಗೆದುಕೊಂಡವರೂ ತೆಗೆದುಕೊಳ್ಳದವರೂ ಒಂದೇ ವೇಗದಲ್ಲಿ ಇಳಿದಿದ್ದರು. ಮದ್ದಿನಿಂದ ಏನೂ ಆಗಿರಲಿಲ್ಲ.

ಈ ವರದಿ 2011ರಲ್ಲಿ ‘ನೇಚರ್ ಬಯೊಟೆಕ್ನಾಲಜಿ’ಯಲ್ಲಿ ಪ್ರಕಟವಾಯಿತು. ಆಸ್ಪತ್ರೆಗಳಲ್ಲಿ ವಿಧಿವತ್ತಾಗಿ ನಡೆದ ಪರೀಕ್ಷೆಗಳೂ ಅದೇ ಮಾತು ಹೇಳಿದವು. ಅಮೆರಿಕ ಮತ್ತು ಕೆನಡಾದ ಪರೀಕ್ಷೆಯನ್ನು 84 ರೋಗಿಗಳು ಸೇರುವಷ್ಟರಲ್ಲೇ, ಮುಂದುವರಿಸಿ ಪ್ರಯೋಜನವಿಲ್ಲವೆಂದು ನಿಲ್ಲಿಸಲಾಗಿತ್ತು. ಬ್ರಿಟನ್ನಿನಲ್ಲಿ 214 ಮಂದಿಯ ಮೇಲೆ ಹದಿನೆಂಟು ತಿಂಗಳು ನಡೆದ ಪರೀಕ್ಷೆಯ ಫಲಿತಾಂಶ 2013ರಲ್ಲಿ ಬಂತು, ಅಲ್ಲೂ ಲಾಭ ಸಾಬೀತಾಗಲಿಲ್ಲ.

ಲಿಥಿಯಂ ಕೈಕೊಟ್ಟಿತೆಂದು ಇದನ್ನು ಸೋಲಿನ ಕತೆಯೆಂದು ಓದುವುದು ಸರಿಯಲ್ಲ. ರಕ್ತದಲ್ಲಿ ಸ್ವಲ್ಪ ಪ್ರಮಾಣ ಮೀರಿದರೂ ವಿಷವಾಗುವ, ಮೂತ್ರಪಿಂಡಕ್ಕೂ ಥೈರಾಯ್ಡಿಗೂ ತೊಂದರೆ ಕೊಡಬಲ್ಲ ಮದ್ದದು. ಕೈಯಲ್ಲಿ ಉಳಿದ ತಿಂಗಳುಗಳನ್ನು ಆ ಗುಳಿಗೆಯ ನಡುಕ, ಬಾಯಾರಿಕೆಗಳಲ್ಲಿ ಕಳೆಯಬೇಕಿಲ್ಲ ಎಂದು ನೂರಾರು ಜನರಿಗೆ ತಿಳಿದದ್ದು ದೊಡ್ಡ ಉಪಕಾರ. ಆ ತಿಳಿವಳಿಕೆ ಬಂದದ್ದು ಮದ್ದು ತಿಂದವರ ಉತ್ಸಾಹದಿಂದಲ್ಲ. ಮದ್ದು ತಿನ್ನದೆ, ಯಾವ ಆಸೆಯೂ ಇಲ್ಲದೆ, ಸುಮ್ಮನೆ ಪ್ರತಿ ತಿಂಗಳು ಹನ್ನೆರಡು ಪ್ರಶ್ನೆಗೆ ಉತ್ತರ ತುಂಬಿದ ಆ 447 ಮಂದಿಯಿಂದ.

ಸಾಮಾಜಿಕ ತಾಣ ವೈದ್ಯ ಸಂಶೋಧನೆಗೆ ಕೊಟ್ಟ ಹೊಸ ಬಲ ಇದು. ಒಂದು ಆಸ್ಪತ್ರೆಯಲ್ಲಿ ಐವತ್ತು ರೋಗಿಗಳಿದ್ದರೆ ಅವರಲ್ಲಿ ನಿಮ್ಮ ಜೋಡಿ ಸಿಗುವುದು ಅಪರೂಪ. ಸಾವಿರಾರು ಜನರ ನಡುವೆ ಸಿಕ್ಕೇ ಸಿಗುತ್ತಾರೆ.

ಊರಿಗೊಬ್ಬರಂತೆ ಚದುರಿದವರು

ಜೋಡಿ ಹುಡುಕುವುದಕ್ಕೆ ಮೊದಲು ರೋಗಿಗಳೇ ಸಿಗದ ಕಾಯಿಲೆಗಳೂ ಇವೆ. ಹೃದಯದ ರಕ್ತನಾಳದ ಒಳಪದರ ಇದ್ದಕ್ಕಿದ್ದಂತೆ ಸೀಳಿ, ಪದರಗಳ ನಡುವೆ ರಕ್ತ ನುಗ್ಗಿ, ನಾಳ ಮುಚ್ಚಿಹೋಗುವುದುಂಟು. ಕೊಬ್ಬಿಲ್ಲ, ಸಕ್ಕರೆ ಕಾಯಿಲೆಯಿಲ್ಲ, ವಯಸ್ಸೂ ಆಗಿಲ್ಲ, ಆದರೂ ಹೃದಯಾಘಾತ. ಹೀಗಾಗುವುದು ಬಹುತೇಕ ಹೆಂಗಸರಿಗೆ, ಕೆಲವರಿಗೆ ಹೆರಿಗೆಯಾದ ಕೆಲವೇ ವಾರಗಳಲ್ಲಿ. ಒಬ್ಬ ಹೃದ್ರೋಗ ತಜ್ಞರು ತಮ್ಮ ಇಡೀ ವೃತ್ತಿಯಲ್ಲಿ ಇಂಥವರನ್ನು ಬೆರಳೆಣಿಕೆಯಷ್ಟು ನೋಡಿದರೆ ಹೆಚ್ಚು. ಹಾಗಾಗಿ ಅದರ ಬಗ್ಗೆ ನಡೆದಿದ್ದ ಅಧ್ಯಯನ ಬಹಳ ಕಡಿಮೆ.

ಅಮೆರಿಕದ ಮೇಯೊ ಕ್ಲಿನಿಕ್‌ನ ಹೃದ್ರೋಗ ತಜ್ಞೆ ಶೆರನ್ ಹೇಯ್ಸ್ ಅವರನ್ನು ಒಂದು ಸಭೆಯಲ್ಲಿ ಅಂಥ ರೋಗಿಯೊಬ್ಬರು ತಡೆದು ನಿಲ್ಲಿಸಿ, ‘ನಮ್ಮ ಆನ್‌ಲೈನ್ ಗುಂಪಿನಲ್ಲಿ ಹಲವರಿದ್ದೇವೆ, ನಮ್ಮನ್ನು ಅಧ್ಯಯನ ಮಾಡುತ್ತೀರಾ’ ಎಂದು ಕೇಳಿದರು. ಮೊದಲು ಪ್ರಯೋಗಕ್ಕೆಂದು ಹನ್ನೆರಡು ಮಂದಿಯನ್ನು ತೆಗೆದುಕೊಂಡರು. ಆ ರೋಗಿಗಳು ಬೇರೆ ಬೇರೆ ಆಸ್ಪತ್ರೆಗಳಿಂದ ತಮ್ಮ ಆಂಜಿಯೋಗ್ರಾಂ ಚಿತ್ರಗಳನ್ನೂ ದಾಖಲೆಗಳನ್ನೂ ತರಿಸಿ ಕಳಿಸಿಕೊಟ್ಟರು. 2011ರಲ್ಲಿ ಆ ಪುಟ್ಟ ಅಧ್ಯಯನ ಪ್ರಕಟವಾಯಿತು. ಮುಂದೆ ದೊಡ್ಡ ದಾಖಲೆ ಪಟ್ಟಿಯೇ ಬೆಳೆಯಿತು. ಇಂಥವರಲ್ಲಿ ಬಹಳಷ್ಟು ಮಂದಿಗೆ ಹೃದಯದಾಚೆಗಿನ ರಕ್ತನಾಳಗಳಲ್ಲೂ ದೋಷವಿರುತ್ತದೆ, ಸೀಳು ಎಷ್ಟೋ ಸಲ ತಾನಾಗಿ ಕೂಡಿಕೊಳ್ಳುತ್ತದೆ, ಆತುರಪಟ್ಟು ಸ್ಟೆಂಟ್ ಹಾಕಿದರೆ ಸೀಳು ಹಿಗ್ಗುವ ಅಪಾಯವಿದೆ ಎಂಬ ಅರಿವು ಇಂಥ ಅಧ್ಯಯನಗಳಿಂದಲೇ ಗಟ್ಟಿಯಾಯಿತು. ಈಗ ಹೆಚ್ಚಿನ ಪ್ರಕರಣಗಳಲ್ಲಿ ಕಾದು ನೋಡುವುದೇ ಚಿಕಿತ್ಸೆ.

ಕೋವಿಡ್ ಕಾಲದಲ್ಲೂ ಹೀಗಾಯಿತು. ವಾರಗಟ್ಟಲೆ ಬಿಡದ ಸುಸ್ತು, ಮಂಕುತನಕ್ಕೆ ‘ಲಾಂಗ್ ಕೋವಿಡ್’ ಎಂಬ ಹೆಸರು ಮೊದಲು ಬಂದದ್ದು ಟ್ವಿಟರಿನಲ್ಲಿ, 2020ರ ಮೇ ತಿಂಗಳಲ್ಲಿ, ಇಟಲಿಯ ಪುರಾತತ್ವಜ್ಞೆ ಎಲಿಸಾ ಪೆರೆಗೊ ಅವರಿಂದ. ರೋಗಿಗಳೇ ನಡೆಸಿದ ಸಮೀಕ್ಷೆಗೆ 56 ದೇಶಗಳ 3,762 ಮಂದಿ ಉತ್ತರಿಸಿದರು. ತೊಂದರೆ ಇದೆ ಎಂದು ತೋರಿಸಿಕೊಡಲು ಅದು ಸಾಕಾಯಿತು. ಅದು ಎಷ್ಟು ಜನರಲ್ಲಿದೆ, ಯಾವ ಲಕ್ಷಣ ಕೋವಿಡ್‌ನಿಂದಲೇ ಬಂತು ಎಂದು ಹೇಳಲು ಸಾಲದು. ಉತ್ತರಿಸಿದವರಲ್ಲಿ ಹೆಂಗಸರೇ ಹೆಚ್ಚು, ಕೋವಿಡ್ ಬಾರದವರ ಹೋಲಿಕೆ ಗುಂಪು ಇರಲಿಲ್ಲ.

ಗುಟ್ಟು ನಿಲ್ಲದ ಜಾಗ

ರೋಗಿಗಳ ಇದೇ ಆನ್‌ಲೈನ್ ಮಾತುಕತೆ ವಿಧಿವತ್ತಾದ ಪರೀಕ್ಷೆಗಳನ್ನು ಕೆಡಿಸಲೂಬಹುದು. ಹೊಸ ಮದ್ದಿನ ಪರೀಕ್ಷೆಯಲ್ಲಿ ಅರ್ಧ ಜನಕ್ಕೆ ನಿಜವಾದ ಮದ್ದು, ಅರ್ಧ ಜನಕ್ಕೆ ನೋಡಲು ಹಾಗೇ ಇರುವ ಹುಸಿಗುಳಿಗೆ ಕೊಡುತ್ತಾರೆ. ಯಾರಿಗೆ ಯಾವುದು ಎಂದು ರೋಗಿಗೂ ತಿಳಿಸುವುದಿಲ್ಲ, ನೋಡುವ ಡಾಕ್ಟರಿಗೂ ತಿಳಿಸುವುದಿಲ್ಲ. ತಿಳಿದರೆ ಮನಸ್ಸು ಅಂಕವನ್ನು ವಾಲಿಸುತ್ತದೆ. ಅದೇ ಪರೀಕ್ಷೆಯಲ್ಲಿರುವ ಇಪ್ಪತ್ತು ಜನ ಒಂದು ಗುಂಪಿನಲ್ಲಿ ಕೂತು ‘ನನಗೆ ಬಾಯಿ ಕಹಿ’, ‘ನನಗೇನೂ ಇಲ್ಲ’ ಎಂದು ಬರೆದುಕೊಂಡರೆ ಸಂಜೆಯೊಳಗೆ ಗುಟ್ಟು ಬಯಲು. ಹುಸಿಗುಳಿಗೆ ಸಿಕ್ಕಿತೆಂದು ಊಹಿಸಿದವನು ಪರೀಕ್ಷೆಯನ್ನೇ ಬಿಟ್ಟುಹೋಗುತ್ತಾನೆ.

ಇದಕ್ಕಿಂತ ಅಪಾಯದ್ದೂ ನಡೆದಿದೆ. ಎ.ಎಲ್.ಎಸ್.ಗೆಂದು ಕಂಪನಿಯೊಂದು ಪರೀಕ್ಷಿಸುತ್ತಿದ್ದ ಎನ್‌ಪಿ001 ಎಂಬ ಮದ್ದಿನ ಮುಖ್ಯ ವಸ್ತು ಸೋಡಿಯಂ ಕ್ಲೋರೈಟ್ ಎಂದು ರೋಗಿಗಳು ಪತ್ತೆಹಚ್ಚಿದರು. ಅದು ಬಟ್ಟೆ, ಕಾಗದ ಬಿಳಿ ಮಾಡಲು, ನೀರು ಶುದ್ಧಿಗೆ ಬಳಸುವ ರಾಸಾಯನಿಕ. ಕಂಪನಿ ಅದನ್ನು ರಕ್ತನಾಳಕ್ಕೆ ಕೊಡುತ್ತಿತ್ತು. ಕೆಲವರು ಮನೆಯಲ್ಲೇ ನೀರಿಗೆ ಬೆರೆಸಿ ಕುಡಿದರು. ಅವರನ್ನು ಬೈಯಲು ನನಗೆ ಮನಸ್ಸು ಬಾರದು. ಆದರೆ ಹಾಗೆ ಕುಡಿಯುವುದು ಅಪಾಯ, ಅದರಲ್ಲಿ ಎರಡು ಮಾತಿಲ್ಲ.

ಲಿಥಿಯಂ ಲೆಕ್ಕ ಕೂಡ ಹುಸಿಗುಳಿಗೆಯ ಪರೀಕ್ಷೆಗೆ ಬದಲಿಯಲ್ಲ. ಕಂಪ್ಯೂಟರು ಜೋಡಿ ಹುಡುಕುವುದು ನಮಗೆ ಗೊತ್ತಿರುವ, ಅಳೆದಿರುವ ಸಂಗತಿಗಳಲ್ಲಿ ಮಾತ್ರ. ಅಳೆಯದ ವ್ಯತ್ಯಾಸಗಳನ್ನು ಎರಡೂ ಗುಂಪಿಗೆ ಸಮನಾಗಿ ಚೆದುರಿಸಲು ಚೀಟಿ ಎತ್ತಿ ಹಂಚುವುದೊಂದೇ ದಾರಿ. ವಿಕ್ಸ್ ಮತ್ತು ಸಂಗಡಿಗರೂ ತಮ್ಮ ವಿಧಾನಕ್ಕೆ ಅದಕ್ಕಿಂತ ಹೆಚ್ಚಿನ ಸ್ಥಾನ ಕೇಳಲಿಲ್ಲ.

ಕೊಟ್ಟ ಮಾಹಿತಿ ಯಾರ ಕೈಯಲ್ಲಿ?

ಪೇಶಂಟ್ಸ್‌ಲೈಕ್‌ಮಿ ಲಾಭಕ್ಕಾಗಿ ನಡೆದ ಕಂಪನಿ. ಹೆಸರು ತೆಗೆದ ಮಾಹಿತಿಯನ್ನು ಔಷಧ ಕಂಪನಿಗಳಿಗೆ ಮಾರುತ್ತೇವೆಂದು ಅದು ಬಹಿರಂಗವಾಗಿಯೇ ಹೇಳಿತ್ತು. 2010ರಲ್ಲಿ ಮಾರುಕಟ್ಟೆ ಸಮೀಕ್ಷೆಯ ಕಂಪನಿ ನೀಲ್ಸನ್ ಅದರ ಖಾಸಗಿ ಚರ್ಚೆಗಳನ್ನು ಯಂತ್ರದಿಂದ ನಕಲು ಮಾಡಿಕೊಳ್ಳುತ್ತಿದ್ದುದು ಬಯಲಾಯಿತು. 2019ರಲ್ಲಿ, ಚೀನಾದ ಹೂಡಿಕೆ ಇದೆಯೆಂದು ಅಮೆರಿಕ ಸರ್ಕಾರ ತಕರಾರು ತೆಗೆದ ಮೇಲೆ, ಇಡೀ ತಾಣ ಯುನೈಟೆಡ್‌ಹೆಲ್ತ್ ಎಂಬ ಭಾರಿ ವಿಮಾ ಉದ್ಯಮದ ಪಾಲಾಯಿತು. ಸಂಕಟದಲ್ಲಿದ್ದವರು ಪರಸ್ಪರ ನೆರವಿಗೆಂದು ಬರೆದದ್ದು ಹತ್ತು ವರ್ಷದಲ್ಲಿ ಯಾರ ಸ್ವತ್ತಾಗುತ್ತದೋ ಹೇಳಲಾಗದು. ವರದಿಯ ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕುವ ನಾವು ಇಷ್ಟೂ ಯೋಚಿಸುವುದಿಲ್ಲ. ಹೆಸರು, ವಯಸ್ಸು, ಆಸ್ಪತ್ರೆಯ ನಂಬರು ಎಲ್ಲವೂ ಆ ಫೋಟೋದಲ್ಲಿರುತ್ತವೆ.

ಬೆಂಗಳೂರಿನ ಲೆಕ್ಕ ಬೇರೆ

ಇನ್ನೊಂದು ಮಾತು ನಮ್ಮವರಿಗಾಗಿಯೇ ಹೇಳಬೇಕು. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಮೂವತ್ತು ವರ್ಷಗಳಲ್ಲಿ ತಾವು ನೋಡಿದ 1,153 ಎ.ಎಲ್.ಎಸ್. ರೋಗಿಗಳ ವಿವರವನ್ನು 2008ರಲ್ಲಿ ಪ್ರಕಟಿಸಿದರು. ಕಾಯಿಲೆ ಶುರುವಾದ ವಯಸ್ಸು ಸರಾಸರಿ 46ರ ಆಸುಪಾಸು ಇತ್ತು, ಪಶ್ಚಿಮದ ದೇಶಗಳಲ್ಲಿ ಕಾಣುವುದಕ್ಕಿಂತ ಚಿಕ್ಕದು. ಬದುಕುಳಿದ ಅವಧಿಯ ನಡುವಣ ಅಂದಾಜು ಒಂಬತ್ತು ವರ್ಷಕ್ಕೂ ಮೇಲಿತ್ತು, ಪಶ್ಚಿಮದ ಎರಡು ಮೂರು ವರ್ಷಗಳಿಗಿಂತ ಬಹಳ ಹೆಚ್ಚು.

ಇದರ ಅರ್ಥ ಇಷ್ಟೆ. ಅಮೆರಿಕದ ತಾಣದಲ್ಲಿ ಸಿಗುವ ಸರಾಸರಿ ಗೆರೆಯನ್ನು ಹಾಸನದ ರೋಗಿಯೊಬ್ಬರ ಪಕ್ಕದಲ್ಲಿಟ್ಟರೆ ಅವರು ತೆಗೆದುಕೊಂಡ ಯಾವ ಮದ್ದೂ ಪವಾಡದಂತೆ ಕಂಡೀತು. ಅವರಿಗೆ ಇಲ್ಲಿಯ ಜೋಡಿ ಬೇಕು, ಇಲ್ಲಿಯ ಭಾಷೆಯಲ್ಲಿ ತುಂಬುವ ಪ್ರಶ್ನೆಪಟ್ಟಿ ಬೇಕು. ‘ಚಾಕು, ಫೋರ್ಕು ಹಿಡಿದು ಊಟ ಕತ್ತರಿಸಬಲ್ಲಿರಾ’ ಎಂದರೆ ಮುದ್ದೆ ಉಣ್ಣುವವರು ಏನೆಂದು ಅಂಕ ಹಾಕಬೇಕು? ತುತ್ತು ಮುರಿದು, ಸಾರಿನಲ್ಲಿ ಅದ್ದಿ ಬಾಯಿಗಿಡಲು ಆಗುತ್ತದೆಯೇ ಎಂದು ಕೇಳಬೇಕು.

ಲಿಥಿಯಂ ಕತೆಗೂ ಬಾಲವೊಂದು ಉಳಿದಿದೆ. ಹಿಂದಿನ ಪರೀಕ್ಷೆಗಳ ಮಾಹಿತಿಯನ್ನು ಒಟ್ಟುಗೂಡಿಸಿ, ರೋಗಿಗಳನ್ನು ಜೀನಿನ ಪ್ರಕಾರ ವಿಂಗಡಿಸಿ 2017ರಲ್ಲಿ ಮತ್ತೆ ಲೆಕ್ಕ ಹಾಕಿದರು. ಯುಎನ್‌ಸಿ13ಎ ಎಂಬ ಜೀನಿನ ಒಂದು ಬಗೆಯನ್ನು ತಂದೆ, ತಾಯಿ ಇಬ್ಬರಿಂದಲೂ ಪಡೆದ ಸಣ್ಣ ಗುಂಪಿನಲ್ಲಿ, ಲಿಥಿಯಂ ತೆಗೆದುಕೊಂಡವರು ಹೆಚ್ಚು ಕಾಲ ಬದುಕಿದಂತೆ ಕಂಡಿತು. ಹಿಂತಿರುಗಿ ನೋಡಿ ಕಂಡ ಸಂಗತಿಯಾದ್ದರಿಂದ ಇದೊಂದನ್ನೇ ನೆಚ್ಚಿ ಯಾರೂ ಗುಳಿಗೆ ಶುರುಮಾಡಬಾರದು. ಅದನ್ನು ತೀರ್ಮಾನಿಸಬೇಕಾದದ್ದು ಅದಕ್ಕೆಂದೇ ನಡೆಸುವ ಪರೀಕ್ಷೆ. ಆದರೆ 149 ಮಂದಿಗೆ ಜೋಡಿ ಹುಡುಕಿದಾಗ ನೋಡಿದ್ದು ಕಾಯಿಲೆ ಇಳಿದು ಬಂದ ದಾರಿಯನ್ನು, ಆಗ ಜೀನು ಲೆಕ್ಕದಲ್ಲಿರಲಿಲ್ಲ. ಇನ್ನು ಮುಂದೆ ಇಂಥ ಲೆಕ್ಕ ಹಾಕುವವರಿಗೆ ರೋಗಿಯ ಪುಟದಲ್ಲಿ ತಿಂಗಳ ಅಂಕದ ಪಕ್ಕದಲ್ಲಿ ಇನ್ನೆರಡು ಕಾಲಂ ಬೇಕಾಗುತ್ತದೆ. ಒಂದರಲ್ಲಿ ಆ ಜೀನು ಯಾವ ಬಗೆಯದು ಎಂದು, ಇನ್ನೊಂದರಲ್ಲಿ ಗುಳಿಗೆ ನಿಲ್ಲಿಸಿದ್ದರೆ ಯಾವ ದಿನ, ಏಕೆ ನಿಲ್ಲಿಸಿದರು ಎಂದು.